ಇನ್ನೂರು ವರ್ಷದ ತಪ್ಪನ್ನು ನಾನು ಎಂಟು ತಿಂಗಳಲ್ಲಿ ಮಾಡಿದ ಕಥೆ

ಹೋದ ಎಪಿಸೋಡ್ ಆದ ಮೇಲೆ ಒಬ್ಬ ಹುಡುಗ ವಾಯ್ಸ್ ನೋಟ್ ಕಳಿಸಿದ್ದ. "ಅಣ್ಣಾ, ನನ್ನ ಹತ್ರ ಸೆಕೆಂಡ್ ಹ್ಯಾಂಡ್ ಪೋಲೋ ಇದೆ. ಲೋವರಿಂಗ್ ಸ್ಪ್ರಿಂಗ್ ಹಾಕಿಸ್ಬೇಕು ಅಂತಿದೀನಿ. ಜಾಸ್ತಿ ಏನಿಲ್ಲ, ಒಂದು ಮೂರು ಸೆಂಟಿಮೀಟರ್ ಇಳಿಸೋದು ಅಷ್ಟೇ. ಶಾಕಬ್ಸರ್ ಹಳೇದೇ ಇರ್ಲಿ ಅಲ್ವಾ?"

ಅದನ್ನು ಮೂರು ಸಲ ಕೇಳಿದೆ. ಯಾಕಂದ್ರೆ ಎರಡು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಾನು ಒಂದು ಗ್ಯಾರೇಜಿನಲ್ಲಿ ಕೇಳಿದ್ದೆ, ಹೆಚ್ಚುಕಮ್ಮಿ ಇದೇ ಮಾತಿನಲ್ಲಿ. ಅವತ್ತು ಸಿಕ್ಕ ಉತ್ತರ, "ಹಳೇದೇ ಸಾಕು ಸಾರ್, ಸ್ಪ್ರಿಂಗ್ ಹಾಕಿ, ಲುಕ್ ನೋಡಿ." ಹಾಕಿಸಿದೆ, ಲುಕ್ ನೋಡಿದೆ. ಆಮೇಲೆ ಏನಾಯ್ತು ಅನ್ನೋದನ್ನ ಹೇಳ್ತೀನಿ. ಆದರೆ ಇದು ಹಿಸ್ಟರಿ ಪಾಡ್‌ಕಾಸ್ಟ್, ಹಾಗಾಗಿ ಆ ಹುಡುಗನಿಗೆ ಉತ್ತರ 1678ರಿಂದ ಶುರುವಾಗುತ್ತೆ. ಸ್ವಲ್ಪ ತಾಳ್ಮೆ ಇರಲಿ.

ಕಾರಿನ ಬಗ್ಗೆ ಏನೂ ಗೊತ್ತಿಲ್ಲದವರಿಗೆ ಒಂದೇ ನಿಮಿಷ. ಕಾರಿನ ಬಾಡಿಗೂ ಚಕ್ರಕ್ಕೂ ಮಧ್ಯೆ ಎರಡು ಸಾಮಾನು ಇರುತ್ತವೆ. ಒಂದು ಸ್ಪ್ರಿಂಗ್. ಗಾಡಿಯ ಭಾರ ಹೊರುವುದು ಅದು, ಗುಂಡಿ ಬಂದಾಗ ಕುಗ್ಗುವುದೂ ಅದೇ. ಇನ್ನೊಂದು ಶಾಕ್ ಅಬ್ಸಾರ್ಬರ್, ನಮ್ಮ ಗ್ಯಾರೇಜ್ ಭಾಷೆಯಲ್ಲಿ ಶಾಕಬ್ಸರ್. ಕುಗ್ಗಿದ ಸ್ಪ್ರಿಂಗ್ ವಾಪಸ್ ಎದ್ದು ಮತ್ತೆ ಕುಗ್ಗಿ ಮತ್ತೆ ಎದ್ದು ಕುಣಿಯುತ್ತಾ ಇರದ ಹಾಗೆ ಅದನ್ನು ಹಿಡಿಯುವುದು ಇದರ ಕೆಲಸ. ಅಂದರೆ ಶಾಕ್ ಅಬ್ಸಾರ್ಬ್ ಮಾಡೋದು ಸ್ಪ್ರಿಂಗ್, ಹೆಸರು ಮಾತ್ರ ಇನ್ನೊಬ್ಬನಿಗೆ. ಆಫೀಸಲ್ಲಿ ಆಗುತ್ತಲ್ಲ, ಹಾಗೆ. ಬ್ರಿಟನ್ನಿನ ಎಂಜಿನಿಯರ್‌ಗಳು ಇದನ್ನು ಡ್ಯಾಂಪರ್ ಅಂತಾರೆ, ಅದೇ ಸರಿಯಾದ ಹೆಸರು. ಲೋವರಿಂಗ್ ಸ್ಪ್ರಿಂಗ್ ಅಂದರೆ ಕಂಪನಿ ಸ್ಪ್ರಿಂಗಿಗಿಂತ ಗಿಡ್ಡ, ಸ್ವಲ್ಪ ಗಟ್ಟಿ. ಗಾಡಿ ನೆಲಕ್ಕೆ ಹತ್ತಿರ ಕೂರುತ್ತೆ. ತಿರುವಿನಲ್ಲಿ ವಾಲೋದು ಕಮ್ಮಿ ಆಗ್ಬೇಕು ಅನ್ನೋದು ಲೆಕ್ಕ.

ಈಗ 1678. ಲಂಡನ್ನಿನ ರಾಬರ್ಟ್ ಹುಕ್, ಹೈಸ್ಕೂಲ್ ಫಿಸಿಕ್ಸ್‌ನಲ್ಲಿ ಎಲ್ಲರಿಗೂ ಪರಿಚಯ. ಸ್ಪ್ರಿಂಗ್ ಎಷ್ಟು ಎಳೆಯುತ್ತೀರೋ ಅದು ಅಷ್ಟೇ ಪ್ರಮಾಣದ ಬಲದಲ್ಲಿ ತಿರುಗಿ ಎಳೆಯುತ್ತೆ ಅನ್ನೋ ನಿಯಮ ಅವನದು. ಇದರಲ್ಲೊಂದು ಮಜಾ ಇದೆ. 1676ರಲ್ಲಿ ಅವನು ಈ ನಿಯಮವನ್ನು ಅಕ್ಷರ ಕಲಸಿ ಒಗಟಿನ ಹಾಗೆ ಅಚ್ಚು ಹಾಕಿಸಿದ. ಯಾರೂ ಕದಿಯಬಾರದು, ಆದರೆ ಮೊದಲು ಕಂಡುಹಿಡಿದವನು ನಾನೇ ಅಂತ ದಾಖಲೆಯೂ ಇರಬೇಕು! ಎರಡು ವರ್ಷ ಆದ ಮೇಲೆ ಒಗಟು ಬಿಡಿಸಿ ಹೇಳಿದ. ಆವತ್ತಿನಿಂದ ಸ್ಪ್ರಿಂಗ್ ಅನ್ನೋದು ಲೆಕ್ಕಕ್ಕೆ ಸಿಕ್ಕಿತು.

ಆದರೆ ಸ್ಪ್ರಿಂಗನ್ನು ಹಿಡಿಯೋ ಡ್ಯಾಂಪರ್? ಅದು ರಸ್ತೆಗೆ ಬಂದದ್ದು 1900ರ ಆಸುಪಾಸಿನಲ್ಲಿ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಜನ ಬರೀ ಸ್ಪ್ರಿಂಗ್ ನಂಬಿಕೊಂಡು ಓಡಾಡಿದರು. ಸಾರೋಟಿಗೆ ಇದ್ದದ್ದು ಪಟ್ಟಿ ಸ್ಪ್ರಿಂಗ್, ಲಾರಿಯವರು ಕಮಾನು ಪಟ್ಟಿ ಅಂತಾರಲ್ಲ, ಅದು. ಪಟ್ಟಿ ಮೇಲೆ ಪಟ್ಟಿ ಉಜ್ಜುವಾಗ ಆಗುವ ತಿಕ್ಕಾಟವೇ ಅಷ್ಟಿಷ್ಟು ಬ್ರೇಕಿನ ಕೆಲಸ ಮಾಡುತ್ತಿತ್ತು. ಕುದುರೆಯ ವೇಗಕ್ಕೆ ಅದು ಸಾಕಾಗಿತ್ತು, ಯಾರಿಗೂ ಕೊರತೆ ಕಾಣಲಿಲ್ಲ. ಎಂಜಿನ್ ಬಂದು ವೇಗ ಏರಿದಾಗ ಬಣ್ಣ ಬಯಲಾಯ್ತು. ಗಾಡಿ ಒಂದು ಉಬ್ಬು ದಾಟಿ, ಅದರ ಕುಣಿತ ನಿಲ್ಲೋ ಮೊದಲೇ ಇನ್ನೊಂದು ಉಬ್ಬಿಗೆ ಹೋಗಿ ಬೀಳುತ್ತಿತ್ತು.

ಮೊದಲ ಪರಿಹಾರ ಫ್ರಾನ್ಸಿನ ಟ್ರುಫೋ ಎಂಬಾತನದು. ಎರಡು ಕೈ, ಮಧ್ಯೆ ಬಿಗಿಯಾಗಿ ಒತ್ತಿದ ಬಿಲ್ಲೆಗಳು. ಕತ್ತರಿ ತೆಗೆದು ಮುಚ್ಚಿದ ಹಾಗೆ ಕೈಗಳು ಅಲ್ಲಾಡಿದಾಗ ಬಿಲ್ಲೆಗಳು ಉಜ್ಜಿ ಸ್ಪ್ರಿಂಗಿನ ಕುಣಿತ ತಿನ್ನುತ್ತವೆ. ಅಮೆರಿಕದ ಎಡ್ವರ್ಡ್ ಹಾರ್ಟ್‌ಫರ್ಡ್ ಇದನ್ನು ತನ್ನ ದೇಶಕ್ಕೆ ಒಯ್ದು ವ್ಯಾಪಾರ ಮಾಡಿದ. ಆಮೇಲೆ ಎಣ್ಣೆ ತುಂಬಿದ ಡ್ಯಾಂಪರ್ ಬಂತು. ಸಣ್ಣ ತೂತಿನಲ್ಲಿ ಎಣ್ಣೆ ನುಗ್ಗಬೇಕು, ಆ ಕಷ್ಟವೇ ಕುಣಿತಕ್ಕೆ ಕಡಿವಾಣ. ಫ್ರಾನ್ಸಿನ ಮೊರಿಸ್ ಹೂಡಾಯ್ ಮಾಡಿದ ಈ ಬಗೆಯ ಡ್ಯಾಂಪರನ್ನು ಫೋರ್ಡ್ ಕಂಪನಿ 1920ರ ದಶಕದ ಕೊನೆಯ ಮಾಡೆಲ್ ಎ ಕಾರಿಗೆ ಹಾಕಿತು. ಅಲ್ಲಿಗೆ ಇದು ಶ್ರೀಮಂತರ ಸಾಮಾನಾಗಿ ಉಳಿಯಲಿಲ್ಲ.

ಸ್ಪ್ರಿಂಗ್ ಮೊದಲು ಬಂತು, ಡ್ಯಾಂಪರ್ ಎಷ್ಟೋ ಕಾಲದ ಮೇಲೆ ಬಂತು. ನಾವು ಅಂಗಡಿಗೆ ಹೋದಾಗಲೂ ಅದೇ ಕ್ರಮ. ಸ್ಪ್ರಿಂಗ್ ಕಣ್ಣಿಗೆ ಕಾಣುತ್ತೆ. ಹಾಕಿದ ದಿನವೇ ಗಾಡಿ ತಗ್ಗುತ್ತೆ, ಟೈರಿಗೂ ಫೆಂಡರಿಗೂ ಮಧ್ಯದ ಸಂದು ಕಮ್ಮಿಯಾಗುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ಡ್ಯಾಂಪರಿಗೆ ಎರಡರಷ್ಟು ದುಡ್ಡು ಕೊಟ್ಟರೂ ಫೋಟೋದಲ್ಲಿ ಕಾಣಲ್ಲ. ನಾನು ಬಿಕಾಂ ಓದಿದವನು, ಡಿಪ್ರಿಸಿಯೇಷನ್ ಅಂದರೆ ಏನು ಅಂತ ಪರೀಕ್ಷೆಯಲ್ಲಿ ಬರೆದು ಪಾಸಾದವನು. ಆದರೂ ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿಯ ಶಾಕಬ್ಸರ್ ಎಷ್ಟು ಸವಕಳಿ ಆಗಿರಬಹುದು ಅಂತ ಒಂದು ಕ್ಷಣವೂ ಯೋಚಿಸಲಿಲ್ಲ. ಸ್ಪ್ರಿಂಗ್ ವರ್ಷಗಟ್ಟಲೆ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಡ್ಯಾಂಪರ್ ದಿನಾ ಸ್ವಲ್ಪ ಸ್ವಲ್ಪ ಸಾಯುತ್ತೆ, ಓಡಿಸುವವನಿಗೆ ಅದೇ ಅಭ್ಯಾಸವಾಗಿ ಗೊತ್ತಾಗಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ, 105 ಪಿಎಸ್. ಪುಣೆ ಹತ್ತಿರದ ಚಾಕಣದಲ್ಲಿ ತಯಾರಾದದ್ದು. ಒಳ್ಳೆ ಗಾಡಿ, ಈಗಲೂ ಒಳ್ಳೆ ಗಾಡಿ. ಹಾಳು ಮಾಡಿದ್ದು ನಾನು. ಸುಮಾರು 40 ಮಿಲಿಮೀಟರ್ ಇಳಿಸುವ ಸ್ಪ್ರಿಂಗ್ ತಗೊಂಡೆ. ಗ್ಯಾರೇಜಿನವರು ಹಳೇ ಶಾಕಬ್ಸರಿಗೇ ಅದನ್ನು ಕೂರಿಸಿ, ಒಳಗಿನ ರಬ್ಬರ್ ಬಂಪ್ ಸ್ಟಾಪ್ ಅಡ್ಡ ಬರ್ತಿದೆ ಅಂತ ಅರ್ಧ ಕತ್ತರಿಸಿ ಕೊಟ್ಟರು. ಎಂಟು ತಿಂಗಳು ಬೆಂಗಳೂರಿನಲ್ಲಿ ಒಬ್ಬನೇ ಓಡಾಡಿದೆ. ಕಟಕಟ ಅನ್ನುತ್ತಿತ್ತು, ಸ್ಪೋರ್ಟಿ ಅಂದ್ರೆ ಹೀಗೇ ಅಂದುಕೊಂಡೆ.

ಮಳೆಗಾಲದ ಒಂದು ಸಂಜೆ ಅಪ್ಪ, ಅಮ್ಮ, ಹಿಂದೆ ಎರಡು ಚೀಲ ಅಕ್ಕಿ, ಒಂದಷ್ಟು ತೆಂಗಿನಕಾಯಿ ತುಂಬಿಕೊಂಡು ಚನ್ನರಾಯಪಟ್ಟಣ ಕಡೆಯ ನಮ್ಮ ಊರಿಂದ ಹೊರಟೆ. ಹೈವೇ ಸೇರುವ ಮೊದಲು ಒಂದು ಬಲತಿರುವು. ತಿರುವಿನ ಮಧ್ಯೆ ಮೋರಿ ರಿಪೇರಿ ಮಾಡಿ ಸರಿಯಾಗಿ ಮುಚ್ಚದೆ ಬಿಟ್ಟ ಉಬ್ಬು. ವೇಗ ಐವತ್ತೂ ಇರಲಿಲ್ಲ. ಗಾಡಿ ಉಬ್ಬಿಗೆ ಏರಿದ್ದೇ ಹಿಂದಿನಿಂದ ಢಂ ಅಂತ ಸದ್ದು. ಮರುಕ್ಷಣ ಗಾಡಿಯ ಹಿಂಭಾಗ ಎಡಕ್ಕೆ ಹಾರಿತು. ಎದುರಿಗೆ ಟ್ರಾಕ್ಟರ್ ಬರ್ತಿತ್ತು. ಸ್ಟೇರಿಂಗ್ ಹೇಗೆ ತಿರುಗಿಸಿದೆನೋ ಗೊತ್ತಿಲ್ಲ, ಗಾಡಿ ನಿಂತದ್ದು ಮಣ್ಣಿನ ಮೇಲೆ, ಹೊಲದ ಬದು ಒಂದು ಮಾರು ದೂರ. ಯಾರಿಗೂ ಏನೂ ಆಗಲಿಲ್ಲ. ಅಮ್ಮ ದೇವರ ಹೆಸರು ಹೇಳ್ತಾ ಕೂತಿದ್ದರು. ಅಪ್ಪನಿಗೆ ಮೊದಲೇ ಸೊಂಟದ ಡಿಸ್ಕ್ ತೊಂದರೆ. ಮೆಲ್ಲಗೆ ಬಾಗಿಲು ತೆಗೆದು ಇಳಿದು, ಸೊಂಟಕ್ಕೆ ಕೈ ಕೊಟ್ಟು ನಿಂತು, "ಈ ಗಾಡೀಲಿ ನಾನು ಇನ್ನು ಬರಲ್ಲ ಕಣೋ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು. ಆ ರಾತ್ರಿ ಅವರಿಬ್ಬರೂ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಬಂದರು. ನಾನು ಅಕ್ಕಿ, ತೆಂಗಿನಕಾಯಿ ಜತೆ ಒಬ್ಬನೇ ಬಂದೆ.

ಆವತ್ತಿನಿಂದ ಶುರುವಾದದ್ದು ಈ ಓದು. ಏನಾಯ್ತು ಅಂತ ನನಗೆ ಗೊತ್ತಾಗಬೇಕಿತ್ತು.

ಲೆಕ್ಕ ಹೀಗಿದೆ. ಗಾಡಿ ಸುಮ್ಮನೆ ನಿಂತಾಗ ಚಕ್ರ ಇನ್ನೂ ಎಷ್ಟು ಮೇಲಕ್ಕೆ ಹೋಗಬಹುದು ಅನ್ನೋದು ಬ್ಯಾಂಕ್ ಬ್ಯಾಲೆನ್ಸ್ ಇದ್ದ ಹಾಗೆ. ಉದಾಹರಣೆಗೆ 70 ಮಿಲಿಮೀಟರ್ ಇದೆ ಅಂತ ಇಟ್ಕೊಳ್ಳಿ. ನೀವು 40 ಇಳಿಸಿದರೆ ಉಳಿಯೋದು 30. ಮೊದಲು 70ರಲ್ಲಿ ನುಂಗುತ್ತಿದ್ದ ಹೊಡೆತವನ್ನು ಈಗ 30ರಲ್ಲಿ ನುಂಗಬೇಕು. ಹುಕ್ ಮಹಾಶಯನ ನಿಯಮದ ಪ್ರಕಾರ ಸ್ಪ್ರಿಂಗ್ ತುಂಬಿಕೊಳ್ಳುವ ಶಕ್ತಿ ಅದು ಕುಗ್ಗಿದ ದೂರದ ವರ್ಗಕ್ಕೆ ತಕ್ಕ ಹಾಗೆ. ಅಂದರೆ ಸ್ಪ್ರಿಂಗ್ ಐದು ಪಟ್ಟಿಗಿಂತ ಗಟ್ಟಿ ಆಗಬೇಕು. ಅಷ್ಟು ಗಟ್ಟಿ ಸ್ಪ್ರಿಂಗಿನ ಮೇಲೆ ಮನುಷ್ಯ ಕೂರೋಕಾಗಲ್ಲ, ಯಾರೂ ಮಾರೋದೂ ಇಲ್ಲ. 25 ಇಳಿಸಿದರೂ ಲೆಕ್ಕದ ಪ್ರಕಾರ ಎರಡೂವರೆ ಪಟ್ಟು ಹತ್ತಿರ ಬೇಕು. 15 ಇಳಿಸಿದರೆ 1.6 ಪಟ್ಟು. ರಸ್ತೆಗೆ ಮಾರೋ ಸ್ಪ್ರಿಂಗ್‌ಗಳು ಇದರ ಹತ್ತಿರಕ್ಕೂ ಹೋಗಲ್ಲ, ಕೊರತೆಯನ್ನು ಬಂಪ್ ಸ್ಟಾಪ್ ಅನ್ನೋ ರಬ್ಬರಿನ ತಲೆಗೆ ಕಟ್ತಾರೆ. ನನ್ನ ಗಾಡಿಯಲ್ಲಿ ಆ ರಬ್ಬರನ್ನೂ ಅರ್ಧ ಕತ್ತರಿಸಿತ್ತು. ಹಿಂದೆ ಎರಡು ಜನ, ಎರಡು ಚೀಲ ಅಕ್ಕಿ. ಬ್ಯಾಲೆನ್ಸ್ ಸೊನ್ನೆ. ತಿರುವಿನ ಮಧ್ಯೆ ಹಿಂದಿನ ಚಕ್ರ ಮೇಲೆ ಬಂದು ಗಡಸಾಗಿ ತಾಗಿದ ಕೂಡಲೇ ಅಲ್ಲಿ ಸ್ಪ್ರಿಂಗೇ ಇಲ್ಲದ ಹಾಗಾಯ್ತು. ಟೈರ್ ನೆಲ ಬಿಟ್ಟಿತು. ವಾಪಸ್ ಎದ್ದ ಸ್ಪ್ರಿಂಗನ್ನು ಹಿಡಿಯೋಕೆ ಸತ್ತ ಶಾಕಬ್ಸರಿಗೆ ಶಕ್ತಿ ಇರಲಿಲ್ಲ.

ಈ ವಿದ್ಯೆಯ ಅರ್ಧ ನಮಗೆ ಸಿಕ್ಕಿದ್ದು ಮೊರಿಸ್ ಆಲಿ ಎಂಬ ಇಂಗ್ಲಿಷ್ ಎಂಜಿನಿಯರ್‌ನಿಂದ. ರೋಲ್ಸ್ ರಾಯ್ಸ್‌ನಲ್ಲಿದ್ದವನು, 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ. ಒಂದು ಕಾರಿನ ಮುಂದೆ, ಹಿಂದೆ ಸರಿಸಬಹುದಾದ ಭಾರಗಳನ್ನು ಕಟ್ಟಿಕೊಂಡು, ಸ್ಪ್ರಿಂಗ್ ಬದಲಾಯಿಸಿ ಬದಲಾಯಿಸಿ, ಜನರನ್ನು ಕೂರಿಸಿ ಓಡಿಸಿದ. ಅಲ್ಲಿವರೆಗೆ ಎಲ್ಲರೂ ಮುಂದಿನ ಸ್ಪ್ರಿಂಗ್ ಗಟ್ಟಿ, ಹಿಂದಿನದು ಮೆತ್ತಗೆ ಇಡುತ್ತಿದ್ದರು. ಆಲಿ ಕಂಡುಕೊಂಡದ್ದು ಇದರ ಉಲ್ಟಾ. ಉಬ್ಬು ಮೊದಲು ಸಿಗೋದು ಮುಂದಿನ ಚಕ್ರಕ್ಕೆ, ಹಿಂದಿನದು ಸ್ವಲ್ಪ ತಡವಾಗಿ ಕುಣಿಯೋಕೆ ಶುರು ಮಾಡುತ್ತೆ. ಹಿಂದಿನದರ ಕುಣಿತ ಸ್ವಲ್ಪ ಚುರುಕಾಗಿದ್ದರೆ ಮುಂದಿನದನ್ನು ಹೋಗಿ ಸೇರಿಕೊಳ್ಳುತ್ತೆ, ಗಾಡಿ ತೊಟ್ಟಿಲಿನ ಹಾಗೆ ಹಿಂದೆ ಮುಂದೆ ತೂಗದೆ ಸಮವಾಗಿ ಏರಿ ಇಳಿಯುತ್ತೆ. ಮುಂದೆ ಮೆತ್ತಗೆ ಸ್ಪ್ರಿಂಗ್ ಹಾಕಲು ಹಳೇ ಅಚ್ಚು ಬಿಡಲಿಲ್ಲ, ಹಾಗಾಗಿ ಮುಂದಿನ ಎರಡು ಚಕ್ರಗಳನ್ನು ಬೇರೆ ಬೇರೆ ಮಾಡಬೇಕಾಯ್ತು. 1934ರ ಜನರಲ್ ಮೋಟರ್ಸ್ ಕಾರುಗಳಲ್ಲಿ ಅದು ಬಂತು. ಯಾವುದೋ ಕಿಟ್‌ನಲ್ಲಿ ಮುಂದೆ ಸಿಕ್ಕಾಪಟ್ಟೆ ಗಟ್ಟಿ ಮಾಡಿ ಹಿಂದೆ ಸುಮ್ಮನೆ ಗಿಡ್ಡ ಮಾಡಿದ್ದರೆ, ಆಲಿ ತೊಂಬತ್ತು ವರ್ಷದ ಹಿಂದೆ ತೆಗೆದ ತೊಟ್ಟಿಲನ್ನು ವಾಪಸ್ ತಂದು ಕಟ್ಟಿದ ಹಾಗೆ.

ಇನ್ನೊಬ್ಬ ಅರ್ಲ್ ಮ್ಯಾಕ್‌ಫರ್ಸನ್. 1950ರಲ್ಲಿ ಇಂಗ್ಲೆಂಡಿನಲ್ಲಿ ತೋರಿಸಿದ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಇವನ ಸ್ಟ್ರಟ್ ಇತ್ತು. ಸ್ಪ್ರಿಂಗು, ಡ್ಯಾಂಪರು ಒಂದೇ ಕಂಬದಲ್ಲಿ, ಆ ಕಂಬವೇ ಚಕ್ರವನ್ನು ನೆಟ್ಟಗೆ ಹಿಡಿಯುತ್ತೆ. ಕಮ್ಮಿ ಖರ್ಚು, ಕಮ್ಮಿ ಜಾಗ. ಇವತ್ತು ನಮ್ಮ ರಸ್ತೆಯ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದೆ ಇದೇ ಇರೋದು. ಇದರಲ್ಲೊಂದು ಗುಟ್ಟಿದೆ, ಇಳಿಸೋರಿಗೆ ಯಾರೂ ಹೇಳಲ್ಲ. ಚಕ್ರವನ್ನು ಕೆಳಗಿಂದ ಹಿಡಿಯೋ ಒಂದು ತೋಳಿರುತ್ತೆ. ಗಾಡಿ ಇಳಿಸಿದಾಗ ಆ ತೋಳಿನ ಓರೆ ಬದಲಾಗುತ್ತೆ. ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಆ ಬಿಂದು, ಗಾಡಿಯ ಭಾರದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತೆ. ಎರಡರ ಮಧ್ಯದ ದೂರ ಹೆಚ್ಚಾದರೆ ವಾಲಿಸುವ ಬಲಕ್ಕೆ ಸನ್ನೆಕೋಲು ಉದ್ದವಾಯ್ತು ಅಂತ ಅರ್ಥ. ಹೀಗಾಗಿ ಸ್ಟ್ರಟ್ ಕಾರನ್ನು ಬಹಳ ಇಳಿಸಿದರೆ, ಕಮ್ಮಿ ವಾಲಲಿ ಅಂತ ಹಾಕಿದ ಗಟ್ಟಿ ಸ್ಪ್ರಿಂಗಿನ ಲಾಭದ ಒಂದು ಪಾಲು ಅಲ್ಲೇ ಸೋರಿಹೋಗುತ್ತೆ. ಸ್ವಲ್ಪ ಇಳಿಸೋದು ಬೇರೆ, ಬಹಳ ಇಳಿಸೋದು ಬೇರೆ. ಅದೇ ಕೆಲಸದ ಜಾಸ್ತಿ ಡೋಸ್ ಅಲ್ಲ ಅದು, ಬೇರೆ ಕೆಲಸವೇ.

ಆ ಬೇರೆ ಕೆಲಸಕ್ಕೂ ದೊಡ್ಡ ಪರಂಪರೆ ಇದೆ, ನಾನು ಹೀಯಾಳಿಸಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಾಸ್ ಏಂಜಲೀಸ್ ಕಡೆಯ ಮೆಕ್ಸಿಕನ್ ಅಮೆರಿಕನ್ ಹುಡುಗರು ಡಿಕ್ಕಿಯಲ್ಲಿ ಮರಳಿನ ಮೂಟೆ ಇಟ್ಟು, ಸ್ಪ್ರಿಂಗಿನ ಸುತ್ತು ಕತ್ತರಿಸಿ ಗಾಡಿ ತಗ್ಗಿಸಿದರು. ಲೋರೈಡರ್ ಅಂದರೆ ಅವರು. ನಿಧಾನವಾಗಿ, ಚೆಂದವಾಗಿ, ಎಲ್ಲರೂ ನೋಡೋ ಹಾಗೆ ಹೋಗೋದೇ ಉದ್ದೇಶ. 1958ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ, ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗೆ ಗಾಡಿಯ ಯಾವ ಭಾಗವೂ ಬರಬಾರದು ಅಂತ ಕಾನೂನು ತಂದಿತು. ಮರುವರ್ಷವೇ ರಾನ್ ಅಗಿರ್ರೆ ಎಂಬ ಯುವಕ ಹೈಡ್ರಾಲಿಕ್ ಪಂಪ್ ಹಾಕಿ, ಬೇಕಾದಾಗ ಏರಿಸೋ ಬೇಡವಾದಾಗ ಇಳಿಸೋ ಗಾಡಿ ಮಾಡಿಕೊಂಡ. ಪೊಲೀಸ್ ಬಂದಾಗ ಏರಿಸು! ಅವರಿಗೆ ತಾವು ಏನು ಕೊಟ್ಟು ಏನು ತಗೊಳ್ತಿದೀವಿ ಅಂತ ಗೊತ್ತಿತ್ತು. ನನ್ನ ಕಷ್ಟ ಏನಂದ್ರೆ ನಾನು ಲೋರೈಡರ್ ಲುಕ್ ಕೊಂಡು ಅದನ್ನು ರೇಸ್ ಕಾರು ಅಂದುಕೊಂಡಿದ್ದೆ.

ಹಾಗಾದ್ರೆ ರಸ್ತೆಯ ಸ್ಪೋರ್ಟಿ ಕಾರನ್ನು ಮಿತವಾಗಿ ಇಳಿಸಿ ಗೆದ್ದವರು ಯಾರು? ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಜರ್ಮನಿಯ ವೂಲ್ಫ್ಸ್‌ಬರ್ಗ್‌ನದು. 1973ರ ಮಾರ್ಚ್. ಫೋಕ್ಸ್‌ವ್ಯಾಗನ್‌ನ ಟೆಸ್ಟ್ ಎಂಜಿನಿಯರ್ ಆಲ್ಫೋನ್ಸ್ ಲೋವೆನ್‌ಬರ್ಗ್ ಸಹೋದ್ಯೋಗಿಗಳಿಗೆ ಒಂದು ಪತ್ರ ಬರೆದ: ನಾವೊಂದು ಸ್ಪೋರ್ಟ್ ಕಾರು ಮಾಡೋಣ. ಕಂಪನಿ ಅಧಿಕೃತವಾಗಿ ಒಪ್ಪಿರಲಿಲ್ಲ, ಕೆಲವರು ಸೇರಿ ಕದ್ದುಮುಚ್ಚಿ ಕೆಲಸ ಮಾಡಿದರು. ಸಿರೊಕೊ ಕಾರಿನ ಮೇಲೆ ಮಾಡಿದ ಮೊದಲ ಮಾದರಿ ಬಹಳ ಒರಟಾಗಿತ್ತು. ಸೈಲೆನ್ಸರ್ ಗಲಾಟೆ, ಸವಾರಿ ಗಡಸು. ಆಮೇಲೆ ಅದನ್ನು ಪಳಗಿಸಿದರು. ಪಳಗಿಸುವುದರಲ್ಲಿ ದೊಡ್ಡ ಪಾತ್ರ ಹರ್ಬರ್ಟ್ ಶುಸ್ಟರ್‌ನದು. 205 ಅಗಲದ ಟೈರ್ ಬೇಕು ಅಂದುಕೊಂಡಿದ್ದರೆ ಅವನು ಅದನ್ನು 175ಕ್ಕೆ ಇಳಿಸಿದ. ವಾಲೋದನ್ನು ತಡೆಯೋ ಕೆಲಸವನ್ನು ಪೂರ್ತಿ ಸ್ಪ್ರಿಂಗಿನ ಮೇಲೆ ಹೇರದೆ ಮುಂದೆ, ಹಿಂದೆ ಆಂಟಿ ರೋಲ್ ಬಾರ್ ಹಾಕಿದ. ಎರಡು ಪಕ್ಕದ ಚಕ್ರಗಳನ್ನು ಜೋಡಿಸೋ ಕಂಬಿ ಅದು, ತಿರುವಿನಲ್ಲಿ ಮಾತ್ರ ಜೋರಾಗಿ ಕೆಲಸ ಮಾಡುತ್ತೆ, ನೇರ ರಸ್ತೆಯಲ್ಲಿ ಎರಡೂ ಚಕ್ರ ಒಟ್ಟಿಗೆ ಉಬ್ಬು ಹತ್ತಿದಾಗ ಸುಮ್ಮನಿರುತ್ತೆ. ಸ್ಪ್ರಿಂಗ್ ಡ್ಯಾಂಪರ್‌ಗಳನ್ನು ಜೋಡಿಯಾಗಿ, ಸವಾರಿಯ ಸುಖಕ್ಕೂ ಸ್ವಲ್ಪ ಜಾಗ ಉಳಿಸಿ ಹೊಂದಿಸಿದ. ಕಾರು 1975ರಲ್ಲಿ ಫ್ರಾಂಕ್‌ಫರ್ಟ್ ಮೇಳದಲ್ಲಿ ಕಂಡಿತು, 1976ರಲ್ಲಿ ಮಾರಾಟಕ್ಕೆ ಬಂತು. ಅದೇ ಗಾಲ್ಫ್ ಜಿಟಿಐ. 110 ಪಿಎಸ್, ಗಂಟೆಗೆ 182 ಕಿಲೋಮೀಟರ್. ಐದು ಸಾವಿರ ಮಾರಿದರೆ ಸಾಕು ಅಂತ ಶುರು ಮಾಡಿದ್ದು, ಮೊದಲ ತಲೆಮಾರೊಂದೇ ನಾಲ್ಕು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಹೋಯ್ತು.

ಸಾಮಾನ್ಯ ಗಾಲ್ಫ್‌ಗಿಂತ ಈ ಕಾರನ್ನು ಎಷ್ಟು ಇಳಿಸಿದ್ದರು ಗೊತ್ತಾ? ಎರಡು ಸೆಂಟಿಮೀಟರ್‌ಗೂ ಹೆಚ್ಚಿಲ್ಲ. ಅಷ್ಟೇ. ಹಾಟ್ ಹ್ಯಾಚ್ ಅನ್ನೋ ಕುಲಕ್ಕೇ ಮೂಲಪುರುಷನಾದ ಗಾಡಿ! ನಾನು ಅದರ ಎರಡರಷ್ಟು ಇಳಿಸಿದ್ದೆ, ಅದೂ ಹಾಸನ ಜಿಲ್ಲೆಯ ರಸ್ತೆಗೆ.

ಇಂಗ್ಲೆಂಡಿನ ಲೋಟಸ್ ಇನ್ನೂ ವಿಚಿತ್ರ. ಕಾಲಿನ್ ಚಾಪ್‌ಮನ್‌ನ 1962ರ ಎಲಾನ್ ಪುಟ್ಟ ಸ್ಪೋರ್ಟ್ಸ್ ಕಾರು, ತಿರುವಿನಲ್ಲಿ ಅದನ್ನು ಮೀರಿಸೋದು ಕಷ್ಟ ಅಂತ ಹೆಸರು. ಅದರ ಸ್ಪ್ರಿಂಗ್ ಮೆತ್ತಗೆ. ಚಕ್ರಕ್ಕೆ ಓಡಾಡಲು ಧಾರಾಳ ಜಾಗ, ಹಿಡಿತ ಒಳ್ಳೆ ಡ್ಯಾಂಪರಿನದು. ಗಾಡಿ ಹಗುರ, ಅದು ನಿಜ. ಆದರೂ ಗಟ್ಟಿ ಅಂದರೆ ಸ್ಪೋರ್ಟಿ ಅನ್ನೋ ನನ್ನ ಲೆಕ್ಕ ಅಲ್ಲೇ ಬಿದ್ದುಹೋಯ್ತು.

ಈಗ ಡ್ಯಾಂಪರ್ ಆರಿಸೋ ಮಾತು. ಅಂಗಡಿಯಲ್ಲಿ ಕಿವಿಗೆ ಬೀಳೋ ಹೆಸರುಗಳ ಹಿಂದೆಯೂ ಇತಿಹಾಸ ಇದೆ. ಹಳ್ಳಕೊಳ್ಳದ ರಸ್ತೆಯಲ್ಲಿ ಸತತ ಓಡಿದಾಗ ಡ್ಯಾಂಪರಿನ ಎಣ್ಣೆ ಗಾಳಿ ಜತೆ ಕಲೆತು ನೊರೆಯಾಗುತ್ತೆ. ನೊರೆ ತೂತಿನಲ್ಲಿ ಸುಲಭವಾಗಿ ನುಗ್ಗುತ್ತೆ, ಹಿಡಿತ ಹೋಗುತ್ತೆ. ಫ್ರಾನ್ಸಿನ ಕ್ರಿಸ್ಟಿಯನ್ ಬೂರ್ಸಿಯೇ ದ ಕಾರ್ಬನ್ ಇದಕ್ಕೆ, ಒಂದೇ ಕೊಳವೆಯಲ್ಲಿ ಒತ್ತಡದ ಗ್ಯಾಸ್ ತುಂಬಿ ಎಣ್ಣೆಯಿಂದ ಬೇರೆ ಇಡೋ ದಾರಿ ಹುಡುಕಿದ. ಜರ್ಮನಿಯ ಬಿಲ್‌ಸ್ಟೈನ್ ಅದನ್ನು ತಗೊಂಡು 1957ರಲ್ಲಿ ಮರ್ಸಿಡಿಸ್‌ಗೆ ಮಾಡಿಕೊಟ್ಟಿತು. ಮಾನೊಟ್ಯೂಬ್ ಅಂತಾರಲ್ಲ, ಅದು ಇದೇ. ಹಾಲೆಂಡಿನ ಕೋನಿ 1857ರಲ್ಲಿ ಕುದುರೆ ಸಾಮಾನು ಮಾಡುತ್ತಾ ಶುರುವಾದ ಕಂಪನಿ. ಅವರ ಹೆಸರು ಬಂದದ್ದು ಹೊಂದಿಸಬಹುದಾದ ಡ್ಯಾಂಪರಿನಿಂದ. ಎದ್ದು ಬರೋ ಸ್ಪ್ರಿಂಗನ್ನು ಎಷ್ಟು ಬಿಗಿಯಾಗಿ ಹಿಡೀಬೇಕು ಅನ್ನೋದನ್ನು ತಿರುಗಿಸಿ ಏರಿಸಬಹುದು, ಸವೆದಂತೆ ಮತ್ತೆ ಬಿಗಿ ಮಾಡಬಹುದು. ಸ್ಪ್ರಿಂಗಿನಲ್ಲಿ ಐಬಾಕ್ 1951ರಿಂದ ಇದೆ. ಇದು ಜಾಹೀರಾತಲ್ಲ, ಯಾರೂ ನನಗೆ ಒಂದು ರೂಪಾಯಿ ಕೊಟ್ಟಿಲ್ಲ. ಕೊಟ್ಟರೆ ಮೊದಲೇ ಹೇಳ್ತೀನಿ.

ಮಿತವಾದ ಸ್ಪ್ರಿಂಗಿಗೆ ಭಯಂಕರ ಗಟ್ಟಿ ಡ್ಯಾಂಪರ್ ಬೇಕಿಲ್ಲ ಅನ್ನೋದು ಲೆಕ್ಕ ಹಾಕಿದ ಮೇಲೆ ಗೊತ್ತಾಯ್ತು. ಸ್ಪ್ರಿಂಗ್ 25 ಪರ್ಸೆಂಟ್ ಗಟ್ಟಿಯಾದರೆ ಅದೇ ಹಿಡಿತಕ್ಕೆ ಡ್ಯಾಂಪಿಂಗ್ 12 ಪರ್ಸೆಂಟ್ ಏರಿದರೆ ಸಾಕು, ವರ್ಗಮೂಲದ ಲೆಕ್ಕ. ಹೊಸ ಒಳ್ಳೆ ಶಾಕಬ್ಸರ್‌ಗೆ ಇದು ದೊಡ್ಡ ಭಾರವಲ್ಲ. ಆದರೆ ಎಪ್ಪತ್ತು ಸಾವಿರ ಓಡಿದ್ದು ಮೊದಲಿದ್ದ ಹಿಡಿತವನ್ನೇ ಕಳಕೊಂಡಿರುತ್ತೆ, ಅದರಿಂದ ಇನ್ನೂ ಹೆಚ್ಚು ಕೇಳೋದು ನ್ಯಾಯವಲ್ಲ. ಮತ್ತೆ, ಗಿಡ್ಡ ಸ್ಪ್ರಿಂಗಿಗೆ ಕಂಪನಿ ಉದ್ದದ ಶಾಕಬ್ಸರ್ ಹಾಕಿದರೆ ಅದು ಯಾವಾಗಲೂ ಕುಗ್ಗಿದ ಜಾಗದಲ್ಲೇ ಕೆಲಸ ಮಾಡುತ್ತೆ. ಜಾಕ್ ಹಾಕಿ ಗಾಡಿ ಎತ್ತಿದಾಗ ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸಡಿಲವಾಗಿ ಅಲ್ಲಾಡಿದರೆ, ದಯವಿಟ್ಟು ಆ ಗಾಡಿ ರಸ್ತೆಗೆ ತರಬೇಡಿ. ಸ್ಪ್ರಿಂಗ್ ಕತ್ತರಿಸೋದು, ಗ್ಯಾಸ್ ಕಟರಿನಲ್ಲಿ ಕಾಯಿಸಿ ಕೂರಿಸೋದು ಅಂತೂ ಮಾತಾಡೋದೇ ಬೇಡ. ಕಾಯಿಸಿದ ಉಕ್ಕಿನ ಹದ ಹೋಗುತ್ತೆ.

ನಮ್ಮ ಹಂಪ್‌ಗಳ ಬಗ್ಗೆ ಒಂದು ಮಾತು, ಎಲ್ಲರೂ ಕೇಳ್ತೀರಿ ಅಂತ ಗೊತ್ತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಪ್ರಮಾಣದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಹೈಸ್ಕೂಲಿನ ಪೈಥಾಗೊರಸ್ ಹಾಕಿ ನೋಡಿದೆ. ನನ್ನ ಗಾಡಿಯ ಎರಡು ಅಚ್ಚುಗಳ ಮಧ್ಯೆ ಸುಮಾರು 2.47 ಮೀಟರ್. ಗಾಡಿ ಆ ಹಂಪಿನ ಮೇಲೆ ಸರಿಯಾಗಿ ನಡುವೆ ನಿಂತಾಗ, ಚಕ್ರಗಳೂ ಹಂಪಿನ ಮೇಲೇ ಏರಿರುತ್ತವೆ, ಹಾಗಾಗಿ ಹೊಟ್ಟೆಯ ಕೆಳಗೆ ಹಂಪ್ ತಿನ್ನೋದು ಬರೀ 45 ಮಿಲಿಮೀಟರ್. ಸುಮಾರು 165 ಕ್ಲಿಯರೆನ್ಸ್ ಇರೋ ಗಾಡಿ 25 ಇಳಿಸಿದರೂ ಆರಾಮಾಗಿ ದಾಟಬೇಕು. ತಾಗೋದು ಯಾಕೆ ಅಂದ್ರೆ ನಮ್ಮ ಬೀದಿಯ ಹಂಪ್ ಆ ಪ್ರಮಾಣದ್ದಲ್ಲ. ಒಂದೇ ರಾತ್ರಿಯಲ್ಲಿ ಸಿಮೆಂಟ್ ಸುರಿದು ಒಂದು ಮೊಳ ಅಗಲ, 15 ಸೆಂಟಿಮೀಟರ್ ಎತ್ತರ ಮಾಡಿದ್ದು. ಅದರ ಮೇಲೆ ಚಕ್ರ ನಿಲ್ಲಲ್ಲ, ಹೊಟ್ಟೆ ನಿಲ್ಲುತ್ತೆ. 25 ಇಳಿಸಿದ ಗಾಡಿಗೆ ಖಾಲಿ ಇದ್ದಾಗಲೇ 140 ಉಳಿಯೋದು. ಜನ ಕೂತರೆ ಇನ್ನೂ ಕಮ್ಮಿ. ಹಾಗಾಗಿ ಸ್ಪ್ರಿಂಗ್ ಆರಿಸೋ ಮುಂಚೆ ನೀವು ದಿನಾ ದಾಟೋ ಅತಿ ಕೆಟ್ಟ ಹಂಪನ್ನು ಅಳತೆ ಟೇಪಿನಲ್ಲಿ ಅಳೆಯಿರಿ. ನಾನು ಅಳೆದೆ. ಬೆಳಗ್ಗೆ ಆರು ಗಂಟೆಗೆ, ಹಾಲಿನವನು ನನ್ನನ್ನು ಬಿಬಿಎಂಪಿಯವನು ಅಂದುಕೊಂಡ.

ಕಾನೂನು. ಜರ್ಮನಿಯಲ್ಲಿ ಸ್ಪ್ರಿಂಗ್ ಬರೋದೇ ಪ್ರಮಾಣಪತ್ರದ ಜತೆ, ತಪಾಸಣೆ ಸಂಸ್ಥೆ ನೋಡಿ ದಾಖಲು ಮಾಡುತ್ತೆ. ಅದು ಮಿತವಾಗಿ ಇಳಿಸೋ ಉದ್ಯಮಕ್ಕೆ ಶಿಸ್ತು ಕಲಿಸಿತು ಅನ್ನೋದು ನನ್ನ ಅಭಿಪ್ರಾಯ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಯಾರೂ ಹಿಡಿಯಲ್ಲ ಬಿಡಿ ಅಂತ ಕಾಮೆಂಟ್ ಹಾಕ್ತೀರಿ. ಪೊಲೀಸ್ ಹಿಡೀದೆ ಇರಬಹುದು. ಅಪಘಾತ ಆದ ಮೇಲೆ ಇನ್ಶುರೆನ್ಸ್ ಸರ್ವೇಯರ್ ಬಗ್ಗಿ ನೋಡ್ತಾನೆ. ಆ ಟ್ರಾಕ್ಟರಿಗೆ ಗುದ್ದಿದ್ದರೆ ಅನ್ನೋ ಯೋಚನೆ ನನಗೆ ಈಗಲೂ ಕೆಲವು ರಾತ್ರಿ ಬರುತ್ತೆ.

ಹಾಗಾದ್ರೆ ನೀನು ಏನು ಮಾಡಿದೆ ಅಂತ ಕೇಳ್ತೀರಿ. ಮೊದಲು ಆ 40ರ ಸ್ಪ್ರಿಂಗ್ ತೆಗೆಸಿದೆ. ಪುಣ್ಯಕ್ಕೆ ಕಂಪನಿ ಸ್ಪ್ರಿಂಗ್ ಎಸೆದಿರಲಿಲ್ಲ, ಅಟ್ಟದ ಮೇಲಿತ್ತು. ಅದಕ್ಕೆ ನಾಲ್ಕೂ ಹೊಸ ಡ್ಯಾಂಪರ್, ಕಂಪನಿಯದಕ್ಕಿಂತ ಒಂದು ಮೆಟ್ಟಿಲು ಬಿಗಿಯಾದ್ದು. ಹೊಸ ಬಂಪ್ ಸ್ಟಾಪ್, ಮೇಲಿನ ಮೌಂಟು, ಆಮೇಲೆ ವೀಲ್ ಅಲೈನ್‌ಮೆಂಟ್. ಒಟ್ಟು ಖರ್ಚು ಹಳೇ ಸ್ಪ್ರಿಂಗಿಗೆ ಸುರಿದದ್ದರ ಎರಡೂವರೆ ಪಟ್ಟು. ಗಾಡಿ ಒಂದು ಮಿಲಿಮೀಟರೂ ತಗ್ಗಲಿಲ್ಲ. ಪಾರ್ಕಿಂಗಿನಲ್ಲಿ ನೋಡಿದ ಫ್ರೆಂಡ್ ಒಬ್ಬ, "ಮಗಾ, ಏನೂ ಮಾಡ್ಸಿಲ್ವಲ್ಲೋ" ಅಂದ. ನೆಲಮಂಗಲ ದಾಟಿ ಮೊದಲ ಉದ್ದ ತಿರುವಿನಲ್ಲೇ ನನಗೆ ಗೊತ್ತಾಯ್ತು. ಗಾಡಿ ಒಂದೇ ಸಲ ಕೂತು, ಕೂತಲ್ಲೇ ನಿಂತಿತು. ನಾನು ಸ್ಪ್ರಿಂಗಿನಿಂದ ಬೇಕು ಅಂತ ಬಯಸಿದ್ದ ಬಹುಪಾಲು ಅಲ್ಲಿತ್ತು.

ವಾಯ್ಸ್ ನೋಟ್ ಕಳಿಸಿದ ತಮ್ಮಾ, ನೀನೂ ಇದೇ ಕ್ರಮದಲ್ಲಿ ಹೋಗು ಅನ್ನೋದು ನನ್ನ ಸಲಹೆ. ಡ್ಯಾಂಪರ್ ಮೊದಲು, ಕಂಪನಿ ಸ್ಪ್ರಿಂಗ್ ಜತೆಗೇ ಎರಡು ತಿಂಗಳು ಓಡಿಸು. ಆಮೇಲೂ ಸ್ಪ್ರಿಂಗ್ ಬೇಕು ಅನಿಸಿದರೆ ಇಪ್ಪತ್ತರ ಆಸುಪಾಸು ಇಳಿಸೋದು ನೋಡು. ನಿನ್ನ ಗಾಡಿಯ ಎಂಜಿನ್ ಹೆಸರು ಹೇಳಿ ಅದಕ್ಕೇ ಮಾಡಿದ್ದು ಕೇಳು, ಡೀಸೆಲ್ ಎಂಜಿನ್ ಭಾರ ಜಾಸ್ತಿ, ಅದರ ಮುಂದಿನ ಸ್ಪ್ರಿಂಗೇ ಬೇರೆ. ಯಾವ ಡ್ಯಾಂಪರ್ ಜತೆ ಇದನ್ನು ಪರೀಕ್ಷೆ ಮಾಡಿದ್ದಾರೆ ಅಂತ ಕೇಳು. ಗ್ಯಾರೇಜಿನವರು "ಯಾವುದಾದ್ರೂ ನಡೆಯುತ್ತೆ" ಅಂದರೆ ಥ್ಯಾಂಕ್ಸ್ ಹೇಳಿ ಎದ್ದು ಬಾ.

ನಾನೂ ಅಂಥದೊಂದು ಜೊತೆ ಸ್ಪ್ರಿಂಗ್ ತರಿಸಿಟ್ಟಿದ್ದೀನಿ, 20 ಮಿಲಿಮೀಟರ್‌ದು. ಆಸೆ ಸತ್ತಿಲ್ಲ, ಸುಳ್ಳು ಯಾಕೆ ಹೇಳಲಿ. ಮಂಚದ ಕೆಳಗೆ ಡಬ್ಬಿಯಲ್ಲೇ ಇದೆ. ಹಾಕಿಸಿದರೆ ಪಾಲಿಸಿ ಏನಾಗುತ್ತೆ ಅಂತ ಇನ್ಶುರೆನ್ಸಿನವರಿಗೆ ಇಮೇಲ್ ಮಾಡಿ ಬರವಣಿಗೆಯಲ್ಲಿ ಉತ್ತರ ಕೇಳಿದ್ದೀನಿ. ಇನ್ನೂ ಬಂದಿಲ್ಲ.

ಹೋದ ತಿಂಗಳು ಊರಲ್ಲಿ ಮದುವೆ ಇತ್ತು. ಅಪ್ಪ ಬಸ್ ಟೈಮ್ ನೋಡ್ತಾ ಇದ್ದರು. ನಾನು ಏನೂ ಹೇಳದೆ ಗಾಡಿ ಬಾಗಿಲಿಗೆ ತಂದು ನಿಲ್ಲಿಸಿದೆ. ಐದು ನಿಮಿಷ ಅದನ್ನೇ ನೋಡ್ತಾ ನಿಂತರು. ಆಮೇಲೆ ಹಿಂದಿನ ಡಿಕ್ಕಿ ಮೇಲೆ ಎರಡೂ ಕೈಯಿಟ್ಟು, ಎತ್ತಿನ ಬೆನ್ನು ಒತ್ತಿ ನೋಡೋ ಹಾಗೆ ಒಮ್ಮೆ ಜೋರಾಗಿ ಅದುಮಿ ಬಿಟ್ಟರು. ಗಾಡಿ ಒಂದು ಸಲ ಎದ್ದು ನಿಂತಿತು, ಮತ್ತೆ ಕುಣಿಯಲಿಲ್ಲ. ಬಾಗಿಲು ತೆಗೆದು ಕೂತರು. ಕುಣಿಗಲ್ ಬರೋ ಹೊತ್ತಿಗೆ ಗೊರಕೆ ಹೊಡೀತಾ ಇದ್ದರು.